ಸಿದ್ಧ ಮನೆಯೋ, ಹಳೆಮನೆಯ ದುರಸ್ತಿಯೋ: ಮುಂಗಡ ಕೊಡುವ ಮುನ್ನ ಹಾಕಬೇಕಾದ ಲೆಕ್ಕ

ಮನೆ ಕೊಳ್ಳಲು ಹೊರಟವರ ಮುಂದೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದು ನಿಲ್ಲುತ್ತದೆ. ದಲ್ಲಾಳಿ ಬೆಳಗ್ಗೆ ತೋರಿಸಿದ್ದು ಹೊಸ ಮನೆ. ಬಣ್ಣದ ವಾಸನೆ ಇನ್ನೂ ಆರಿಲ್ಲ, ನೆಲದ ಟೈಲ್ಸು ಹೊಳೆಯುತ್ತಿದೆ, ಬೀಗದ ಕೈ ಕೊಟ್ಟ ಮಾರನೆಯ ದಿನವೇ ಹಾಲುಕ್ಕಿಸಬಹುದು. ಸಂಜೆ ಅದೇ ಬಡಾವಣೆಯ ಎರಡು ಬೀದಿ ಆಚೆ ಇನ್ನೊಂದು ಮನೆ. ಮುಂದೆ ಒಂದು ಸಂಪಿಗೆ ಮರ, ಕಾವಿ ನೆಲ, ಎತ್ತರದ ಸೂರು, ಬಚ್ಚಲ ಗೋಡೆಯಲ್ಲಿ ಹಸುರು ಪಾಚಿ, ಅಡುಗೆಮನೆಯಲ್ಲಿ ಮಸಿ. ಬೆಲೆ ಮಾತ್ರ ಮೊದಲನೆಯದಕ್ಕಿಂತ ಕಾಲು ಭಾಗ ಕಡಿಮೆ. ‘ಇಪ್ಪತ್ತು ಲಕ್ಷ ಹಾಕಿದರೆ ಅರಮನೆ ಆಗುತ್ತೆ ಸಾರ್’ ಎಂದು ದಲ್ಲಾಳಿ ಹೇಳುತ್ತಾನೆ. ಆ ಇಪ್ಪತ್ತು ಲಕ್ಷ ಎಲ್ಲಿಂದ ಬಂದ ಅಂಕಿ ಎಂದು ಯಾರೂ ಕೇಳುವುದಿಲ್ಲ.

ಮಧ್ಯಮ ವರ್ಗದ ಕುಟುಂಬವೊಂದು ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ವೆಚ್ಚ ಇದು. ಸಾಲ ತೀರಿಸಲು ಇಪ್ಪತ್ತು ವರ್ಷ ಬೇಕು. ಈ ತೀರ್ಮಾನವನ್ನು ಒಂದು ಸಂಜೆಯ ಮೋಹಕ್ಕೆ ಬಿಡುವುದೂ ತಪ್ಪು, ‘ಹಳೆಯದರ ಸಹವಾಸವೇ ಬೇಡ’ ಎಂಬ ಭಯಕ್ಕೆ ಬಿಡುವುದೂ ತಪ್ಪು.

ಕಡಿಮೆ ಬೆಲೆ ನಿಜಕ್ಕೂ ಕಡಿಮೆಯೇ?

ಮೊದಲು ಹಣದ ಲೆಕ್ಕ. ಒಂದೇ ಬಡಾವಣೆಯಲ್ಲಿ, ಒಂದೇ ಅಳತೆಯ 30-40 ನಿವೇಶನದಲ್ಲಿರುವ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಸಿದ್ಧ ಮನೆಗೆ ರೂ. 1 ಕೋಟಿ, ಹಳೆಯ ಮನೆಗೆ ರೂ. 75 ಲಕ್ಷ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಬೆಲೆಗೆ ಮನೆ ಸಿಗುವುದಿಲ್ಲ. ಮೈಸೂರೋ ಹುಬ್ಬಳ್ಳಿಯೋ ಎಂದುಕೊಳ್ಳೋಣ.

ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರಗಳನ್ನು ಸೇರಿಸಿದರೆ ನಗರ ಪ್ರದೇಶದಲ್ಲಿ ಒಟ್ಟು ಶೇ. 7.6 ಆಗುತ್ತದೆ. ಸಿದ್ಧ ಮನೆಗೆ ಇದು ರೂ. 7.6 ಲಕ್ಷ, ಹಳೆಯದಕ್ಕೆ ರೂ. 5.7 ಲಕ್ಷ. ಈ ಶುಲ್ಕವನ್ನು ಕ್ರಯಪತ್ರದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮರೆಯಬಾರದು. ಹಳೆಯ ಮನೆಯನ್ನು ಚೌಕಾಸಿ ಮಾಡಿ ಮಾರ್ಗಸೂಚಿಗಿಂತ ಕಡಿಮೆಗೆ ಕೊಂಡರೂ ಶುಲ್ಕದಲ್ಲಿ ರಿಯಾಯಿತಿ ಇಲ್ಲ.

ಇನ್ನು ಹಳೆಯ ಮನೆಯ ದುರಸ್ತಿಗೆ ದಲ್ಲಾಳಿಯ ಮಾತಿನಂತೆಯೇ ರೂ. 20 ಲಕ್ಷ ಇಟ್ಟುಕೊಳ್ಳೋಣ. ಗೋಡೆ ಒಡೆದ ಮೇಲೆ ಹೊರಬೀಳುವ ಅನಿರೀಕ್ಷಿತಗಳಿಗೆ ಅದರ ಕಾಲು ಭಾಗ, ಅಂದರೆ ರೂ. 5 ಲಕ್ಷ. ಕೆಲಸ ಮುಗಿಯುವ ತನಕ ಈಗಿರುವ ಬಾಡಿಗೆ ಮನೆಯನ್ನು ಬಿಡುವಂತಿಲ್ಲ, ತಿಂಗಳಿಗೆ ರೂ. 25 ಸಾವಿರದಂತೆ ಆರು ತಿಂಗಳಿಗೆ ರೂ. 1.5 ಲಕ್ಷ. ಈಗ ಕೂಡಿಸಿ ನೋಡಿ. ಸಿದ್ಧ ಮನೆಗೆ ರೂ. 1 ಕೋಟಿ 7.6 ಲಕ್ಷ. ಹಳೆಯ ಮನೆಗೆ ರೂ. 1 ಕೋಟಿ 7.2 ಲಕ್ಷ. ಇಪ್ಪತ್ತೈದು ಲಕ್ಷದ ಅಂತರ ನಲವತ್ತು ಸಾವಿರಕ್ಕೆ ಇಳಿಯಿತು.

ಬ್ಯಾಂಕಿನ ಸಾಲದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆರ್‌ಬಿಐ ನಿಯಮದ ಪ್ರಕಾರ ರೂ. 30 ಲಕ್ಷದ ತನಕದ ಗೃಹಸಾಲಕ್ಕೆ ಮನೆಯ ಮೌಲ್ಯದ ಶೇ. 90, ರೂ. 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದಕ್ಕೂ ಮೇಲ್ಪಟ್ಟರೆ ಶೇ. 75 ಗರಿಷ್ಠ ಮಿತಿ. ಮುದ್ರಾಂಕ ಮತ್ತು ನೋಂದಣಿ ವೆಚ್ಚ ಈ ಮೌಲ್ಯದಲ್ಲಿ ಸೇರುವುದಿಲ್ಲ, ರೂ. 10 ಲಕ್ಷದೊಳಗಿನ ಮನೆಗಳಿಗೆ ಮಾತ್ರ ಇದರಲ್ಲಿ ವಿನಾಯಿತಿ. ಆದ್ದರಿಂದ ಸಿದ್ಧ ಮನೆಗೆ ಹೆಚ್ಚೆಂದರೆ ರೂ. 75 ಲಕ್ಷ ಸಾಲ ಸಿಕ್ಕರೆ ಕೈಯಿಂದ ಹಾಕಬೇಕಾದದ್ದು ರೂ. 32.6 ಲಕ್ಷ. ಹಳೆಯ ಮನೆಗೆ ರೂ. 60 ಲಕ್ಷ ಸಾಲ, ಉಳಿದ ರೂ. 15 ಲಕ್ಷ, ನೋಂದಣಿಯ ರೂ. 5.7 ಲಕ್ಷ, ದುರಸ್ತಿ ಮತ್ತು ಬಾಡಿಗೆಯ ರೂ. 26.5 ಲಕ್ಷ ಸೇರಿ ರೂ. 47.2 ಲಕ್ಷವನ್ನು ಸ್ವಂತವಾಗಿ ಹೊಂದಿಸಬೇಕು. ಅಗ್ಗದ ಮನೆಗೇ ಕೈಯಲ್ಲಿ ಹೆಚ್ಚು ನಗದು ಬೇಕಾಗುವ ಈ ವಿಚಿತ್ರ ಅನೇಕರಿಗೆ ಹೊಳೆಯುವುದು ಮುಂಗಡ ಕೊಟ್ಟಾದ ಮೇಲೆಯೇ.

ಮನೆ ದುರಸ್ತಿಗೆಂದೇ ಬ್ಯಾಂಕುಗಳು ಪ್ರತ್ಯೇಕ ಸಾಲ ಕೊಡುತ್ತವೆ, ನಿಜ. ಅದಕ್ಕೆ ಅಂದಾಜು ಪಟ್ಟಿ ಬೇಕು, ಎಂಜಿನಿಯರ್ ಸಹಿ ಬೇಕು, ಹಣ ಬರುವುದು ಸಾಮಾನ್ಯವಾಗಿ ಕೆಲಸ ಸಾಗಿದಂತೆ ಕಂತು ಕಂತಾಗಿ. ಮೇಸ್ತ್ರಿಯಂತೂ ವಾರದ ಬಟವಾಡೆಯನ್ನು ಶನಿವಾರವೇ ಕೇಳುತ್ತಾನೆ. ಅಲ್ಲದೆ ಹಳೆಯ ಕಟ್ಟಡಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಕಟ್ಟುವ ಬೆಲೆ ಮಾರುವವನು ಹೇಳುವ ಬೆಲೆಗಿಂತ ಕಡಿಮೆ ಇರಬಹುದು. ಸಾಲ ನಿಗದಿಯಾಗುವುದು ಆ ಕಡಿಮೆ ಬೆಲೆಯ ಮೇಲೆ. ಸಾಲದ ಅರ್ಜಿಗೆ ಬ್ಯಾಂಕಿನಿಂದ ತಾತ್ತ್ವಿಕ ಒಪ್ಪಿಗೆ ಪಡೆಯದೆ ಹಳೆಯ ಮನೆಗೆ ಮುಂಗಡ ಕೊಡುವುದು ಅಪಾಯಕರ.

ಆದಾಯ ತೆರಿಗೆಯಲ್ಲೂ ಎರಡಕ್ಕೂ ಒಂದೇ ಮಾನದಂಡವಿಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಸ್ವಂತ ವಾಸದ ಮನೆ ಕೊಳ್ಳಲು ಅಥವಾ ಕಟ್ಟಲು ಮಾಡಿದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ರೂ. 2 ಲಕ್ಷದ ತನಕ ಕಡಿತ ಸಿಗುತ್ತದೆ. ಸಾಲ ದುರಸ್ತಿಗೆಂದು ಮಾಡಿದ್ದಾದರೆ ಆ ಮಿತಿ ಬರೀ ರೂ. 30 ಸಾವಿರ, ಅದೂ ಎರಡು ಲಕ್ಷದ ಒಳಗೇ ಸೇರುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಎರಡೂ ಇಲ್ಲ. ಆದರೂ ದುರಸ್ತಿಯ ಬಿಲ್ಲುಗಳನ್ನು ಜೋಪಾನವಾಗಿಡಬೇಕು. ಮುಂದೊಂದು ದಿನ ಮನೆ ಮಾರುವಾಗ ಬಂಡವಾಳ ಲಾಭ ಲೆಕ್ಕ ಹಾಕುವಲ್ಲಿ ಮನೆಯ ಸುಧಾರಣೆಗೆ ಮಾಡಿದ ವೆಚ್ಚವನ್ನು ಕಳೆಯಲು ಅವಕಾಶವಿದೆ. ಬಿಲ್ಲಿಲ್ಲದ ವೆಚ್ಚವನ್ನು ಇಲಾಖೆ ಒಪ್ಪಬೇಕೆಂದೇನಿಲ್ಲ.

ಜಿಎಸ್‌ಟಿ ಬಗ್ಗೆ ಒಂದು ಮಾತು. ನಿರ್ಮಾಣ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ನಂತರ ಮಾರುವ ಮನೆಗೂ ಹಳೆಯ ಮನೆಯ ಮರುಮಾರಾಟಕ್ಕೂ ಜಿಎಸ್‌ಟಿ ಇಲ್ಲ. ನಿರ್ಮಾಣ ಹಂತದಲ್ಲಿರುವ ಫ್ಲ್ಯಾಟಿಗೆ ಶೇ. 5, ಕೈಗೆಟಕುವ ದರದ ವರ್ಗಕ್ಕೆ ಸೇರಿದರೆ ಶೇ. 1. ನೋಂದಾಯಿತ ಗುತ್ತಿಗೆದಾರನಿಗೆ ದುರಸ್ತಿ ಕೆಲಸ ಒಪ್ಪಿಸಿದರೆ ಬಿಲ್ಲಿನ ಮೇಲೆ ಶೇ. 18 ಬೀಳುತ್ತದೆ. ದಲ್ಲಾಳಿಯ ಇಪ್ಪತ್ತು ಲಕ್ಷದಲ್ಲಿ ಅದು ಸೇರಿದೆಯೇ ಎಂದು ಕೇಳಿಕೊಳ್ಳಬೇಕು. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದು ಮನೆ ಕೆಲಸದವರಿಗೆ ಸ್ವಲ್ಪ ಸಮಾಧಾನ.

ಹಾಗಾದರೆ ಹಳೆಯ ಮನೆ ಕೊಳ್ಳುವುದರಲ್ಲಿ ಲಾಭವೇ ಇಲ್ಲವೇ? ಇದೆ. ಆದರೆ ಅದನ್ನು ಹುಡುಕುವ ದಾರಿ ಬೇರೆ. ಹಳೆಯ ಮನೆಯ ಬೆಲೆಯನ್ನು ಹೊಸ ಮನೆಯೊಂದಿಗೆ ಹೋಲಿಸಬಾರದು. ಅದೇ ಬೀದಿಯ ಖಾಲಿ ನಿವೇಶನದ ಬೆಲೆಯೊಂದಿಗೆ ಹೋಲಿಸಬೇಕು. ಖಾಲಿ ನಿವೇಶನಕ್ಕೆ ರೂ. 70 ಲಕ್ಷ ನಡೆಯುತ್ತಿದ್ದು ಹಳೆಯ ಮನೆ ರೂ. 75 ಲಕ್ಷಕ್ಕೆ ಸಿಗುತ್ತಿದ್ದರೆ ಹತ್ತು ಚದರದ ಕಟ್ಟಡ ಐದು ಲಕ್ಷಕ್ಕೆ ಸಿಕ್ಕಂತಾಯಿತು. ದುರಸ್ತಿ ಕೈಕೊಟ್ಟರೂ ನೆಲದ ಬೆಲೆ ನಿಮ್ಮದೇ. ಅದೇ ನಿವೇಶನಕ್ಕೆ ರೂ. 55 ಲಕ್ಷ ಮಾತ್ರ ಇದ್ದರೆ ಮಾರುವವನು ಶಿಥಿಲ ಗೋಡೆಗಳಿಗೆ ಇಪ್ಪತ್ತು ಲಕ್ಷ ಕೇಳುತ್ತಿದ್ದಾನೆ ಎಂದರ್ಥ. ಎರಡು ಮನೆಗಳ ಒಟ್ಟು ವೆಚ್ಚ ಸರಿಸಮ ಆಗುವುದಾದರೆ ಈ ಲೇಖಕನ ಮತ ಸಿದ್ಧ ಮನೆಗೇ. ಏಕೆಂದರೆ ದುರಸ್ತಿಯ ನಂತರವೂ ಹಳೆಯ ಮನೆಯ ಬುನಾದಿ ಹಳೆಯದೇ.

ಯಾವ ಕಾಲದ ಮನೆ, ಯಾವ ಸೂರು?

‘ಹಳೆಯ ಮನೆ’ ಎಂಬ ಒಂದೇ ಮಾತಿನಲ್ಲಿ ನಾವು ಬಗೆಬಗೆಯ ಕಟ್ಟಡಗಳನ್ನು ತುರುಕುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರೂಪುಗೊಂಡ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಮನೆ. ಮಂಗಳೂರಿನ ಮುರಕಲ್ಲಿನ ಹೆಂಚಿನ ಮನೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ. 1980ರ ದಶಕದ ಕಾಂಕ್ರೀಟ್ ತಾರಸಿ ಮನೆ. ಇವುಗಳ ರೋಗಗಳು ಬೇರೆ ಬೇರೆ, ಔಷಧಗಳೂ ಬೇರೆ.

ಹಳೆಯ ಮೈಸೂರು ಪ್ರಾಂತ್ಯದ ಅನೇಕ ಮನೆಗಳಲ್ಲಿ ‘ಮದ್ರಾಸ್ ತಾರಸಿ’ ಕಾಣಸಿಗುತ್ತದೆ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂಡಿಸಿ, ಮೇಲೆ ಇಟ್ಟಿಗೆ ಚೂರಿನ ಗಾರೆ ಹಾಸಿ ಕುಟ್ಟಿದ ಸೂರು ಅದು. ಇದರ ಜೀವ ಇರುವುದು ಜಂತೆಯ ತುದಿಯಲ್ಲಿ. ಗೋಡೆಯೊಳಗೆ ಹುದುಗಿರುವ ಆ ತುದಿಗೆ ತೇವ ತಗುಲಿ ಕೊಳೆತರೆ ನಡುವೆ ಮರ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ನೋಡಲು ಹೋದಾಗ ಏಣಿ ತರಿಸಿ, ಗೋಡೆ ಮತ್ತು ಜಂತೆ ಕೂಡುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿಸಿ ನೋಡಬೇಕು. ಸುಲಭವಾಗಿ ಒಳಗೆ ಹೋದರೆ ಬೆಲೆಯ ಮಾತನ್ನು ಹೊಸದಾಗಿ ಆರಂಭಿಸಬೇಕು.

ಇಂಥ ಸುಣ್ಣದ ಗಾರೆಯ ಗೋಡೆಗಳಿಗೆ ಇಂದಿನ ಮೇಸ್ತ್ರಿಗಳು ಮಾಡುವ ದೊಡ್ಡ ಅಪಚಾರವೆಂದರೆ ಸಿಮೆಂಟಿನ ಗಿಲಾವು. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದ ಹೊರಬಿಟ್ಟು ಒಣಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಎರಡು ಮಳೆಗಾಲದಲ್ಲಿ ಗಿಲಾವು ಉಬ್ಬಿ ಹಪ್ಪಳದಂತೆ ಏಳುತ್ತದೆ. ‘ಹಳೆಯ ಗೋಡೆ, ಇಷ್ಟೇ ಬಾಳಿಕೆ’ ಎಂದು ಮೇಸ್ತ್ರಿ ಗೋಡೆಯ ಮೇಲೆ ದೂರು ಹಾಕುತ್ತಾನೆ. ಸುಣ್ಣದ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಸಮಯವೂ ಹೆಚ್ಚು ಬೇಕು. ಅಂಥವರು ನಿಮ್ಮ ಊರಿನಲ್ಲಿ ಸಿಗುತ್ತಾರೆಯೇ ಎಂದು ವಿಚಾರಿಸಿಕೊಂಡೇ ಈ ಬಗೆಯ ಮನೆಗೆ ಕೈ ಹಾಕುವುದು ಲೇಸು.

ಕರಾವಳಿಯ ಹೆಂಚಿನ ಮನೆ ಒಂದು ರೀತಿಯಲ್ಲಿ ಅತ್ಯಂತ ಪ್ರಾಮಾಣಿಕ ಕಟ್ಟಡ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಬೆಳೆದುಬಂದ ಈ ಸೂರಿನಲ್ಲಿ ಏನು ಕೆಟ್ಟಿದೆ ಎಂಬುದು ತಲೆ ಎತ್ತಿದರೆ ಕಾಣುತ್ತದೆ. ಒಡೆದ ಹೆಂಚು ಬದಲಿಸಬಹುದು, ಕೆಟ್ಟ ರೀಪು, ಪಕಾಸುಗಳನ್ನು ಒಂದೊಂದಾಗಿ ತೆಗೆಯಬಹುದು. ಗೆದ್ದಲಿನ ಮಣ್ಣಿನ ದಾರಿ ಗೋಡೆಯ ಮೇಲೆ ಏರಿರುವುದೇ ಎಂದು ನೋಡಬೇಕು. ಮರವನ್ನು ಬೆರಳಿನಿಂದ ಬಡಿದಾಗ ಪೊಳ್ಳು ಸದ್ದು ಬರುವುದೇ ಎಂದು ಆಲಿಸಬೇಕು.

ವಾಸ್ತವವಾಗಿ ಹೆಚ್ಚು ಅನುಮಾನದಿಂದ ನೋಡಬೇಕಾದದ್ದು ನೂರು ವರ್ಷದ ಮನೆಯನ್ನಲ್ಲ, ಮೂವತ್ತು ನಲವತ್ತು ವರ್ಷದ ಕಾಂಕ್ರೀಟ್ ಮನೆಯನ್ನು. ಆ ಕಾಲದಲ್ಲಿ ಎಂಜಿನಿಯರ್ ಇಲ್ಲದೆ ಮೇಸ್ತ್ರಿಯ ಕೈಯಲ್ಲೇ ಎದ್ದ ಮನೆಗಳು ಸಾವಿರಾರು. ಕಬ್ಬಿಣದ ಸರಳಿನ ಕೆಳಗೆ ಸಾಕಷ್ಟು ಕಾಂಕ್ರೀಟ್ ಹೊದಿಕೆ ಬಿಡದಿದ್ದರೆ ಗಾಳಿ ಮತ್ತು ತೇವ ಸರಳನ್ನು ತಲುಪುತ್ತವೆ. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಹಲವು ಪಟ್ಟು ಉಬ್ಬುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಸೀಳಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸಜ್ಜೆಯ ತಳ, ಬಚ್ಚಲ ಮನೆಯ ಸೂರು, ನೀರಿನ ತೊಟ್ಟಿಯ ಕೆಳಗಿನ ತಾರಸಿ: ಈ ಮೂರು ಜಾಗಗಳಲ್ಲಿ ಸರಳಿನ ಗುಂಟ ನೇರವಾಗಿ ಓಡುವ ಬಿರುಕು ಕಂಡರೆ ಅದು ಬಣ್ಣದಿಂದ ವಾಸಿಯಾಗುವ ಕಾಯಿಲೆಯಲ್ಲ. ಸಮುದ್ರ ಸಮೀಪದ ಊರುಗಳಲ್ಲಿ ಉಪ್ಪಿನ ಗಾಳಿ, ಉಪ್ಪು ಬೆರೆತ ಮರಳು ಈ ರೋಗವನ್ನು ಬೇಗ ತರುತ್ತವೆ.

ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆತಂದು ತೋರಿಸುವುದು ಇಲ್ಲಿ ಅನಿವಾರ್ಯ. ಕಾಂಕ್ರೀಟಿನ ಗಟ್ಟಿತನವನ್ನು ಅಂದಾಜು ಮಾಡುವ ರಿಬೌಂಡ್ ಹ್ಯಾಮರ್, ಒಳಗಿನ ಪೊಳ್ಳನ್ನು ಪತ್ತೆ ಹಚ್ಚುವ ಅಲ್ಟ್ರಾಸೋನಿಕ್ ಪರೀಕ್ಷೆ ಇವೆಲ್ಲ ಗೋಡೆ ಒಡೆಯದೆಯೇ ಮಾಡಬಹುದಾದ ಪರೀಕ್ಷೆಗಳು. ಕಾರು ಕೊಳ್ಳುವಾಗ ಮೆಕ್ಯಾನಿಕ್‌ನನ್ನು ಕರೆದೊಯ್ಯುವ ನಾವು, ಮುಕ್ಕಾಲು ಕೋಟಿಯ ಮನೆಗೆ ವಾಸ್ತು ಪಂಡಿತರನ್ನು ಕರೆದೊಯ್ಯುತ್ತೇವೆ, ಎಂಜಿನಿಯರನ್ನು ಮರೆಯುತ್ತೇವೆ.

ಗೋಡೆಯ ವಿಚಾರವನ್ನೂ ಅವರಿಂದಲೇ ತಿಳಿಯಬೇಕು. ಹಳೆಯ ಮನೆಗಳಲ್ಲಿ ಕಂಬ, ತೊಲೆಗಳ ಚೌಕಟ್ಟು ಇರುವುದಿಲ್ಲ. ಒಂಬತ್ತು ಇಂಚಿನ ಗೋಡೆಯೇ ಸೂರಿನ ಭಾರ ಹೊತ್ತಿರುತ್ತದೆ. ನಡುಮನೆಯನ್ನು ದೊಡ್ಡದು ಮಾಡಲು ಅಂಥ ಗೋಡೆಯನ್ನು ತೆಗೆಯಬೇಕಾದರೆ ಅದರ ಜಾಗಕ್ಕೆ ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆ, ಅದನ್ನು ಹೊರಲು ಕಂಬ, ಕಂಬಕ್ಕೆ ಬುನಾದಿ ಬೇಕು. ‘ಒಂದು ಗೋಡೆ ತೆಗೆದರಾಯಿತು’ ಎಂಬ ಮಾತು ಲಕ್ಷಗಳಲ್ಲಿ ಮುಗಿಯುವುದು ಹೀಗೆ. ಮುಂದೆ ಮಹಡಿ ಕಟ್ಟುವ ಆಸೆಯಿದ್ದರೆ ಬುನಾದಿ ಅದನ್ನು ತಾಳುತ್ತದೆಯೇ ಎಂಬುದು ಕೊಳ್ಳುವ ಮುಂಚೆಯೇ ಗೊತ್ತಾಗಬೇಕು.

ಕಣ್ಣಿಗೆ ಬೀಳದ ತಂತಿ, ಕೊಳವೆ

ಸೂರು ಸರಿಯಿದ್ದರೂ ವಿದ್ಯುತ್ ತಂತಿ ಮತ್ತು ನೀರಿನ ಕೊಳವೆಗಳನ್ನು ಪೂರ್ತಿ ಬದಲಿಸಲೇಬೇಕು ಎಂದು ಎಣಿಸಿಕೊಳ್ಳುವುದು ಕ್ಷೇಮ. ಹಳೆಯ ಮನೆಗಳ ವೈರಿಂಗ್ ಕೆಲವು ಬಲ್ಬು, ಒಂದೆರಡು ಫ್ಯಾನು, ಒಂದು ರೇಡಿಯೊಗೆಂದು ಎಳೆದದ್ದು. ಈಗ ಎರಡು ಕಿಲೋವ್ಯಾಟಿನ ಗೀಸರ್ ಒಂದೇ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಅರ್ಥಿಂಗ್ ಇದೆಯೇ, ಹಳೆಯ ಫ್ಯೂಸ್ ಪೆಟ್ಟಿಗೆಯ ಬದಲು ಎಂಸಿಬಿ ಇದೆಯೇ, ಸೋರುವ ವಿದ್ಯುತ್ತನ್ನು ಕಂಡೊಡನೆ ಕಡಿದುಹಾಕುವ ಆರ್‌ಸಿಸಿಬಿ ಇದೆಯೇ ಎಂದು ನೋಡಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದನ್ನು ‘ಆಮೇಲೆ ನೋಡೋಣ’ ಎಂದು ಬಿಡುವಂತಿಲ್ಲ.

ಜಿಐ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿದು ರಂಧ್ರ ಕಿರಿದಾಗುತ್ತವೆ. ನಲ್ಲಿ ತಿರುಗಿಸಿದಾಗ ಮೊದಲ ಕ್ಷಣ ಕೆಂಪು ನೀರು ಬಂದರೆ, ಮೇಲಿನ ತೊಟ್ಟಿ ತುಂಬಿದ್ದರೂ ಧಾರೆ ಸಣ್ಣಗಿದ್ದರೆ ಕಾರಣ ಇದೇ. ಚರಂಡಿಯ ಹಳೆಯ ಸ್ಟೋನ್‌ವೇರ್ ಪೈಪುಗಳ ಕೂಡಿನಲ್ಲಿ ಮರದ ಬೇರು ನುಗ್ಗುವುದೂ ಉಂಟು. ಅಂಗಳದ ಆ ಚೆಲುವಾದ ಸಂಪಿಗೆ ಮರ ಯಾವ ಕಡೆ ಬೇರು ಬಿಟ್ಟಿದೆ ಎಂದು ನೋಡಿಕೊಳ್ಳಿ!

ಹಳೆಯ ಮನೆಯನ್ನು ನೋಡಲು ಒಳ್ಳೆಯ ಕಾಲ ಮಳೆಗಾಲ. ರಾತ್ರಿ ಜೋರು ಮಳೆ ಬಿದ್ದ ಮರುದಿನ ಬೆಳಗ್ಗೆ ಹೇಳದೆ ಹೋದರೆ ಮಾರುವವರು ಹೇಳದ ಸಂಗತಿಗಳನ್ನು ಗೋಡೆಗಳೇ ಹೇಳುತ್ತವೆ. ಬೇಸಿಗೆಯಲ್ಲಿ, ಅದೂ ಹೊಸ ಬಣ್ಣ ಬಳಿದ ಮೇಲೆ ತೋರಿಸುವ ಹಳೆಯ ಮನೆಯ ಬಗ್ಗೆ ಇಮ್ಮಡಿ ಎಚ್ಚರ ಬೇಕು.

ಸಿದ್ಧ ಮನೆಯ ಮರೆಮಾಚಿದ ಮುಖ

ಇಷ್ಟು ಓದಿದವರು ಸಿದ್ಧ ಮನೆಯೇ ನಿಶ್ಚಿಂತೆ ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಮಾರುವ ಸಲುವಾಗಿಯೇ ಕಟ್ಟಿದ ಮನೆಯಲ್ಲಿ ಹಣ ಖರ್ಚಾಗಿರುವುದು ಕಣ್ಣಿಗೆ ಕಾಣುವ ಕಡೆ. ಟೈಲ್ಸನ್ನು ನಾಣ್ಯದಿಂದ ಬಡಿದು ನೋಡಿ. ಪೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆ ತುಂಬಿಲ್ಲ. ಬಚ್ಚಲ ನೆಲದ ಮೇಲೆ ಎರಡು ಬಕೆಟ್ ನೀರು ಸುರಿದು ಅದು ಜಾಲರಿಯತ್ತ ಓಡುತ್ತದೋ, ಮೂಲೆಯಲ್ಲಿ ನಿಲ್ಲುತ್ತದೋ ನೋಡಿ. ಇವು ಸಣ್ಣ ವಿಚಾರಗಳು. ದೊಡ್ಡದು ನಕ್ಷೆಯದು.

ಮಂಜೂರಾದ ನಕ್ಷೆಯಲ್ಲಿ ಎರಡು ಅಂತಸ್ತು, ನಿಂತಿರುವುದು ನಾಲ್ಕು. ನಕ್ಷೆಯಲ್ಲಿ ಸುತ್ತ ಬಿಟ್ಟ ಜಾಗ ಮೂರಡಿ, ನಿಂತ ಗೋಡೆ ಪಕ್ಕದವರ ಗೋಡೆಗೆ ತಾಗಿಕೊಂಡಿದೆ. ಇಂಥ ಮನೆಗಳು ಬೆಂಗಳೂರಿನಲ್ಲಿ ಬೀದಿಬೀದಿಗೆ ಸಿಗುತ್ತವೆ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು ಮುಂತಾದ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಸಾಲ ಕೊಡುವ ಮುನ್ನ ಆ ಪತ್ರವನ್ನು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದ ಮೇಲೆ ಇದು ಬರೀ ಕಾಗದದ ಚಿಂತೆಯಾಗಿ ಉಳಿದಿಲ್ಲ. ಮಂಜೂರಾದ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು, ಟೇಪಿನಲ್ಲಿ ಅಳೆದು ನೋಡಲು ಯಾರೂ ನಾಚಬೇಕಾಗಿಲ್ಲ.

ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಬತ್ತಿದಾಗ ಹೊಚ್ಚ ಹೊಸ ಮನೆಗಳವರೂ ಟ್ಯಾಂಕರಿಗಾಗಿ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಯಿತಾದರೂ ನಿಮ್ಮ ಬೀದಿಗೆ ಕೊಳವೆ ಬಂದಿದೆಯೇ, ಮನೆಗೆ ಸಂಪರ್ಕ ಪಡೆದಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ಹಳೆಯ ಬಡಾವಣೆಯ ಮನೆಗೆ ಇರುವ ದೊಡ್ಡ ಬಲವೇ ಇದು: ನೀರು, ಒಳಚರಂಡಿ, ಬಸ್ಸು, ಶಾಲೆ ಎಲ್ಲ ಮೊದಲೇ ನೆಲೆಗೊಂಡಿರುತ್ತವೆ.

ಫ್ಲ್ಯಾಟಾದರೆ ರೇರಾ ಕಾಯ್ದೆಯ ರಕ್ಷಣೆ ಉಂಟು. ನೋಂದಾಯಿತ ಯೋಜನೆಯಲ್ಲಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ನಿರ್ಮಾಪಕರು ಉಚಿತವಾಗಿ ಸರಿಪಡಿಸಿಕೊಡಬೇಕು. ಎಂಟಕ್ಕಿಂತ ಹೆಚ್ಚು ಘಟಕಗಳೂ ಇಲ್ಲದ, ಐನೂರು ಚದರ ಮೀಟರ್ ಮೀರಿದ ಜಾಗವೂ ಅಲ್ಲದ ಸಣ್ಣ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. 30-40 ನಿವೇಶನದಲ್ಲಿ ಒಬ್ಬಂಟಿ ಮನೆ ಕಟ್ಟಿ ಮಾರುವವರು ಹೀಗಾಗಿ ಸಾಮಾನ್ಯವಾಗಿ ಅದರ ಹೊರಗೆ ಉಳಿಯುತ್ತಾರೆ.

ಕಾಗದಪತ್ರಗಳ ಗಂಟು

ಹಳೆಯ ಮನೆಯ ಗೋಡೆಗಿಂತ ಹೆಚ್ಚು ಬಿರುಕು ಅದರ ದಾಖಲೆಯಲ್ಲಿ ಇರಬಹುದು. ಅಜ್ಜನ ಕಾಲದ ಮನೆ, ಅಜ್ಜ ವಿಲ್ ಬರೆದಿಲ್ಲ, ನಾಲ್ವರು ಮಕ್ಕಳಲ್ಲಿ ಇಬ್ಬರು ಗಂಡುಮಕ್ಕಳು ಮಾತ್ರ ಮಾರಲು ಮುಂದೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು. ಅದು ಆಗ ಮದುವೆಯಾಗದವರಿಗೆ ಸೀಮಿತವಾಗಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಆ ಹಕ್ಕನ್ನು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ‘ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟು ಮುಗಿಸಿದ್ದೇವೆ’ ಎಂಬ ಬಾಯಿಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. ಎಲ್ಲ ದುರಸ್ತಿ ಮಾಡಿಸಿ ಗೃಹಪ್ರವೇಶದ ಊಟ ಮುಗಿದ ಮೇಲೆ ದಾವೆಯ ನೋಟಿಸು ಬಂದರೆ ಹಾಕಿದ ಹಣವೆಲ್ಲ ವ್ಯಾಜ್ಯದ ಗೋಡೆಗೆ ಅಂಟಿಕೊಂಡಂತೆ.

ಕನಿಷ್ಠ ಮೂವತ್ತು ವರ್ಷದ ಹಕ್ಕಿನ ಸರಪಳಿಯನ್ನು ವಕೀಲರು ನೋಡಬೇಕು. ಋಣಭಾರ ಪ್ರಮಾಣಪತ್ರದಲ್ಲಿ 2004ರಿಂದೀಚಿನ ವಿವರ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೆ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ಈ ಪತ್ರ ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ನೋಂದಣಿಯಾಗದ ಕರಾರು, ನಡೆಯುತ್ತಿರುವ ದಾವೆ ಅದರಲ್ಲಿ ಕಾಣಿಸದೆ ಹೋಗಬಹುದು. ಇ-ಖಾತೆ ಇಲ್ಲದೆ ಈಗ ನಗರ ಆಸ್ತಿಯ ನೋಂದಣಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇದು ಕಡ್ಡಾಯವಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಬದಲು ಐದು ನಗರ ಪಾಲಿಕೆಗಳು ಬಂದಿರುವುದರಿಂದ ಮನೆ ಯಾವ ಪಾಲಿಕೆಗೆ ಸೇರಿದೆ ಎಂದೂ ತಿಳಿದಿರಬೇಕು. ಮಾರುವವರ ತಾಯಿತಂದೆಯ ಹೆಸರಿನಲ್ಲೇ ಖಾತೆ ಉಳಿದಿದ್ದರೆ, ಅದನ್ನು ಸರಿಪಡಿಸಿಕೊಡುವ ಹೊಣೆ ಅವರದೇ ಎಂದು ಕರಾರಿನಲ್ಲಿ ಬರೆಸಬೇಕು. ಬಿ ಖಾತೆಯ ಹಳೆಯ ಮನೆಯನ್ನು ಮಹಡಿ ಏರಿಸುವ ಯೋಜನೆಯಿಂದ ಕೊಳ್ಳುವವರು ನಕ್ಷೆ ಮಂಜೂರಾತಿ ಸಿಗುವುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಬಣ್ಣ, ನೆಲ, ಕೊಳವೆಗಳಿಗೆ ನಕ್ಷೆ ಬೇಡ, ಕಟ್ಟಡವನ್ನು ಬೆಳೆಸಲು ಬೇಕು.

ಬೆಲೆ ರೂ. 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಶೇ. 1ರಷ್ಟು ತೆರಿಗೆಯನ್ನು ಕೊಳ್ಳುವವರೇ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಪಾಲುದಾರರಲ್ಲಿ ಯಾರಾದರೂ ಅನಿವಾಸಿಯಾಗಿದ್ದರೆ ಅವರ ಪಾಲಿಗೆ ನಿಯಮ ಬೇರೆ, ದರವೂ ಹೆಚ್ಚು. ಮಕ್ಕಳು ಅಮೆರಿಕದಲ್ಲಿರುವ ಹಳೆಯ ಮನೆಗಳೇ ಈಗ ಹೆಚ್ಚು ಮಾರಾಟಕ್ಕೆ ಬರುವುದರಿಂದ ಇದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಕೆಲಸಕ್ಕೆ ಕೈ ಹಾಕುವುದಾದರೆ

ದುರಸ್ತಿಯ ವೆಚ್ಚ ಹದ್ದು ಮೀರುವುದು ಬಹುತೇಕ ಎರಡು ತಪ್ಪುಗಳಿಂದ. ಮೊದಲನೆಯದು ಚದರಕ್ಕಿಷ್ಟು ಎಂದು ದರ ಮಾತಾಡುವುದು. ಹೊಸ ಮನೆಗೆ ಅದು ಸರಿ. ಒಡೆದು ಕಟ್ಟುವ ಕೆಲಸಕ್ಕೆ ಅಲ್ಲ. ಗಿಲಾವು ಎಷ್ಟು ಚದರಡಿ, ವೈರಿಂಗ್ ಎಷ್ಟು ಪಾಯಿಂಟು, ಕಿಟಕಿ ಎಷ್ಟು, ಕಸ ಸಾಗಿಸಲು ಎಷ್ಟು ಟ್ರ್ಯಾಕ್ಟರ್ ಲೋಡು ಎಂದು ಬಾಬ್ತುವಾರು ಬರೆಸಿ, ಪ್ರತಿಯೊಂದಕ್ಕೂ ದರ ಹಾಕಿಸಬೇಕು. ಹೆಚ್ಚುವರಿ ಕೆಲಸ ಬಂದಾಗ ಅದೇ ದರವೇ ಆಧಾರವಾಗುತ್ತದೆ. ಸಾಮಗ್ರಿ ಸಹಿತ ಗುತ್ತಿಗೆಯಾದರೆ ತಂತಿ, ಕೊಳವೆ, ಬಣ್ಣದ ಕಂಪನಿ ಮತ್ತು ದರ್ಜೆ ಬರವಣಿಗೆಯಲ್ಲಿರಲಿ.

ಎರಡನೆಯದು ಕ್ರಮ ತಪ್ಪುವುದು. ಮನೆಯವರ ಉತ್ಸಾಹ ಮೊದಲು ಓಡುವುದು ಮಾಡ್ಯುಲರ್ ಅಡುಗೆಮನೆ, ಫಾಲ್ಸ್ ಸೀಲಿಂಗ್‌ಗಳ ಕಡೆಗೆ. ಮಾಡಬೇಕಾದದ್ದು ತಿರುವುಮುರುವು. ಮೊದಲು ಮೇಲಿನಿಂದ ಇಳಿಯುವ ನೀರು, ನಂತರ ಕೆಳಗಿನಿಂದ ಏರುವ ತೇವ, ಆಮೇಲೆ ಗೋಡೆ ಸೂರುಗಳ ಗಟ್ಟಿತನ, ಚರಂಡಿ, ಕೊಳವೆ, ತಂತಿ. ಗಿಲಾವು, ನೆಲ, ಬಣ್ಣ ಕೊನೆಗೆ. ಈ ಕ್ರಮದಲ್ಲಿ ಹೋದರೆ ಹಣ ಮುಗಿದುಹೋದರೂ ವಾಸಕ್ಕೆ ಯೋಗ್ಯವಾದ ಮನೆ ಉಳಿಯುತ್ತದೆ. ಕಪಾಟುಗಳನ್ನು ಮುಂದಿನ ವರ್ಷದ ಬೋನಸ್ಸಿನಲ್ಲಿ ಮಾಡಿಸಬಹುದು. ಕಾವಿ ನೆಲ ಗಟ್ಟಿಯಿದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಆ ನೆಲವನ್ನು ಉಜ್ಜಿ ಉಜ್ಜಿ ಮಿರುಗಿಸುತ್ತಿದ್ದ ಕೈಗಳು ಈಗ ಹುಡುಕಿದರೂ ಸಿಗುವುದು ಕಷ್ಟ. ಆದರೆ ಅದನ್ನು ಅಗೆದು ಕೊಳವೆ ಹಾಕಿಸಿದರೆ ತೇಪೆಯ ಬಣ್ಣ ಎಂದೂ ಹೊಂದುವುದಿಲ್ಲ. ಕೊಳವೆಗಳನ್ನು ಗೋಡೆಯ ಗುಂಟ ಒಯ್ಯಲು ಸಾಧ್ಯವೇ ಎಂದು ಮೊದಲೇ ಯೋಚಿಸಬೇಕು.

ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟುವ 30-40 ಮತ್ತು ಅದಕ್ಕೂ ದೊಡ್ಡ ನಿವೇಶನದ ಮನೆಗಳಿಗೆ, ಹಳೆಯದಾದರೆ 40-60 ಮತ್ತು ಮೇಲ್ಪಟ್ಟವಕ್ಕೆ ಮಳೆನೀರು ಸಂಗ್ರಹವನ್ನು 2009ರ ತಿದ್ದುಪಡಿ ಕಡ್ಡಾಯ ಮಾಡಿದೆ. ತಾರಸಿಯ ಕೆಲಸ ಮಾಡಿಸುವಾಗಲೇ ಇದನ್ನೂ ಸೇರಿಸಿದರೆ ಮತ್ತೊಮ್ಮೆ ಒಡೆಯುವ ಖರ್ಚು ತಪ್ಪುತ್ತದೆ.

ಸಮಯದ ವಿಷಯದಲ್ಲಿ ಮೇಸ್ತ್ರಿಯ ಮೂರು ತಿಂಗಳನ್ನು ಆರು ಎಂದೇ ತಿಳಿಯಿರಿ. ಮಳೆ ಹಿಡಿದರೆ ಗಿಲಾವು ಒಣಗುವುದಿಲ್ಲ, ಊರಿನ ಜಾತ್ರೆಗೆ, ಬಿತ್ತನೆಗೆ ಹೋದ ಕೂಲಿಯವರು ಹೇಳಿದ ದಿನಕ್ಕೆ ಬರುವುದಿಲ್ಲ, ಆಷಾಢ ಬಂದರೆ ಮನೆಯ ಹಿರಿಯರು ಗೃಹಪ್ರವೇಶಕ್ಕೆ ಒಪ್ಪುವುದಿಲ್ಲ. ಮಕ್ಕಳ ಶಾಲೆ ಜೂನ್‌ನಲ್ಲಿ ಆರಂಭವಾಗುವ ಮೊದಲು ಸೇರಿಕೊಳ್ಳಬೇಕೆಂದಿದ್ದರೆ ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೇ ನೋಂದಣಿ ಮುಗಿದಿರಬೇಕು. ಗಂಡಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವವರಾದರೆ, ದಿನಕ್ಕೊಮ್ಮೆ ಕೆಲಸದ ಜಾಗಕ್ಕೆ ಹೋಗಿ ನಿಲ್ಲುವ ಹಿರಿಯರೋ ಬಂಧುವೋ ಇಲ್ಲದಿದ್ದರೆ, ದುರಸ್ತಿಯ ಮನೆ ಅವರಿಗೆ ಹೇಳಿದ್ದಲ್ಲ. ವಯಸ್ಸಾದ ತಾಯಿತಂದೆಯರ ಮಂಡಿನೋವಿಗೆ ಈಗಲೇ ನೆಲಮಹಡಿಯ ಕೋಣೆ ಬೇಕಾಗಿದ್ದರೂ ಅಷ್ಟೇ. ನಿವೃತ್ತಿಗೆ ಹತ್ತಾರು ವರ್ಷವಿದ್ದು, ಬಾಡಿಗೆ ಮನೆಯ ಒತ್ತಡವಿಲ್ಲದೆ, ಹಂತಹಂತವಾಗಿ ಮಾಡಿಸಬಲ್ಲವರಿಗೆ ಹಳೆಯ ಬಡಾವಣೆಯ ಗಟ್ಟಿ ಮನೆ ಒಳ್ಳೆಯ ಆಯ್ಕೆ.

ಯಾವುದನ್ನೇ ಆರಿಸಿದರೂ ಮುಂಗಡ ಕೊಡುವಾಗ ಬರೀ ಚೀಟಿಯ ಮೇಲೆ ವ್ಯವಹಾರ ಬೇಡ. ಕ್ರಯದ ಕರಾರಿನಲ್ಲಿ ಮೂರು ಷರತ್ತುಗಳಿರಲಿ: ವಕೀಲರ ಪರಿಶೀಲನೆಯಲ್ಲಿ ಹಕ್ಕಿನ ದೋಷ ಕಂಡರೆ ಮುಂಗಡ ಪೂರ್ತಿ ವಾಪಸು, ಎಂಜಿನಿಯರ್ ಪರೀಕ್ಷೆಗೆ ಮನೆಯನ್ನು ಬಿಟ್ಟುಕೊಡತಕ್ಕದ್ದು, ರಚನೆಯಲ್ಲಿ ದೋಷ ಕಂಡರೆ ಹಿಂದೆ ಸರಿಯಲು ಅವಕಾಶ, ಆಸ್ತಿ ತೆರಿಗೆ, ನೀರು, ವಿದ್ಯುತ್ ಬಾಕಿಗಳನ್ನು ತೀರಿಸಿ, ಬಾಡಿಗೆದಾರರಿದ್ದರೆ ತೆರವು ಮಾಡಿಸಿ, ಖಾಲಿ ಮನೆಯ ಬೀಗದ ಕೈಯನ್ನು ನೋಂದಣಿಯ ದಿನವೇ ಒಪ್ಪಿಸತಕ್ಕದ್ದು. ಎರಡನೆಯ ಷರತ್ತಿಗೆ ಒಪ್ಪದೆ ಮಾರುವವರು ಅವಸರ ಮಾಡಿದರೆ, ಏಣಿ ತರಿಸಿ ಜಂತೆಯ ತುದಿಯನ್ನು ಇನ್ನೊಮ್ಮೆ ನೋಡಿ ಬನ್ನಿ.